ಫೊರೆನ್ಸಿಕ್ ಜೀನಿಯಾಲಜಿಯಲ್ಲಿ ವಿಜ್ಞಾನಿಯಾಗಬೇಕು: ಪಿಎಚ್‌ಡಿ ಮಾಡಲೇ, ಅಮೆರಿಕದ ಆನ್‌ಲೈನ್ ಸರ್ಟಿಫಿಕೇಟ್ ತಗೊಳ್ಳಲೇ?

ನಿಮ್ಮ ಪ್ರಶ್ನೆ ಓದಿದಾಗ ಎಂ.ಎಸ್ಸಿ. ಮುಗಿಸಿದ ವರ್ಷದ ನಾನೇ ಕಣ್ಣೆದುರು ಬಂದೆ. ಕೊಪ್ಪಳದವರು, ಬಯೋಟೆಕ್ನಾಲಜಿ ಓದುತ್ತಿದ್ದೀರಿ, ಈ ಕೆಲಸದಲ್ಲಿ ಹೆಸರಾದ ಅಮೆರಿಕದ ಕಾಲೀನ್ ಫಿಟ್ಜ್‌ಪ್ಯಾಟ್ರಿಕ್ ಅವರ ಬಗ್ಗೆ ಓದಿ ಫೊರೆನ್ಸಿಕ್ ಜೀನಿಯಾಲಜಿಯ, ಅಂದರೆ ಡಿಎನ್‌ಎಯನ್ನೂ ವಂಶವೃಕ್ಷವನ್ನೂ ಕೂಡಿಸಿ ಅಪರಾಧಿಯನ್ನೋ ಗುರುತಿಲ್ಲದವರನ್ನೋ ಪತ್ತೆ ಮಾಡುವ ಕ್ಷೇತ್ರದ ಆಸೆ ಹುಟ್ಟಿದೆ, ಪಿಎಚ್‌ಡಿಯೋ ಸರ್ಟಿಫಿಕೇಟೋ ಎಂದು ಕೇಳಿದ್ದೀರಿ. ನಾನು ಸಿಂಧನೂರು ತಾಲ್ಲೂಕಿನವಳು. ಎರಡರಲ್ಲಿ ಯಾವುದು ಎಂಬ ಚರ್ಚೆಗಿಂತ ಮುಂಚೆ ನನ್ನ ಕೈಯಿಂದ ಆದದ್ದೊಂದನ್ನು ಕೇಳಿ. ಅದನ್ನು ಕೇಳಿದ ಮೇಲೆ ನಿಮ್ಮ ಪ್ರಶ್ನೆಯೇ ಬದಲಾಗಬಹುದು.

ನನಗೆ ಕೆಲಸ ಸಿಕ್ಕಿದ್ದು ಹೈದರಾಬಾದಿನ ಒಂದು ಖಾಸಗಿ ಡಿಎನ್‌ಎ ಲ್ಯಾಬ್‌ನಲ್ಲಿ. ಅಲ್ಲಿಗೆ ದಿನಾ ಬರುತ್ತಿದ್ದದ್ದು ತಂದೆ ಯಾರು ಎಂಬ ತಕರಾರು, ಇಲ್ಲವೇ ವೀಸಾಕ್ಕೆ ಬೇಕಾದ ರಕ್ತಸಂಬಂಧದ ದಾಖಲೆ. ಎಲ್ಲವೂ ಎಸ್‌ಟಿಆರ್ ಪರೀಕ್ಷೆ. ಡಿಎನ್‌ಎಯ ಇಪ್ಪತ್ತು ಚಿಲ್ಲರೆ ಜಾಗಗಳನ್ನು ನೋಡಿ ಅಪ್ಪ-ಮಗ ಹೌದೋ ಅಲ್ಲವೋ ಹೇಳುವುದು. ಅಷ್ಟಕ್ಕೆ ಅದು ಗಟ್ಟಿ ಪರೀಕ್ಷೆ, ಆದರೆ ಅಜ್ಜನ ತಮ್ಮನ ಮೊಮ್ಮಗನನ್ನು ಗುರುತಿಸುವ ಶಕ್ತಿ ಅದಕ್ಕಿಲ್ಲ. 2018ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು ದಶಕಗಳಿಂದ ಸಿಗದಿದ್ದ ಸರಣಿ ಹಂತಕ ಜೋಸೆಫ್ ಡಿಆಂಜೆಲೊನನ್ನು ಹಿಡಿದರಲ್ಲ, ಆ ಸುದ್ದಿ ಬಂದ ದಿನ ನಮ್ಮ ಲ್ಯಾಬ್‌ನಲ್ಲಿ ಕೆಲಸ ನಿಂತೇಹೋಯಿತು. 1970-80ರ ದಶಕದ ಕೊಲೆ, ಅತ್ಯಾಚಾರಗಳ ಡಿಎನ್‌ಎಯಲ್ಲಿ ಲಕ್ಷಗಟ್ಟಲೆ ಎಸ್‌ಎನ್‌ಪಿ ಜಾಗಗಳನ್ನು, ಅಂದರೆ ಜನರಿಂದ ಜನರಿಗೆ ಒಂದೇ ಅಕ್ಷರ ಬದಲಾಗುವ ಜಾಗಗಳನ್ನು ಓದಿ, ಅದನ್ನು ಜನ ತಮ್ಮ ಡಿಎನ್‌ಎ ಫಲಿತಾಂಶ ಕೊಟ್ಟು ಸಂಬಂಧಿಕರನ್ನು ಹುಡುಕುವ ಜೆಡ್‌ಮ್ಯಾಚ್‌ನಂಥ ತಾಣದಲ್ಲಿ ಹಾಕಿ, ಸಿಕ್ಕಿದ ದೂರದ ಸಂಬಂಧಿಕರಿಂದ ಹಿಂದಕ್ಕೆ ಹೋಗಿ ಮುತ್ತಜ್ಜ-ಮುತ್ತಜ್ಜಿಯರನ್ನು ಹಿಡಿದು, ಅಲ್ಲಿಂದ ಮತ್ತೆ ಮುಂದಕ್ಕೆ ಬಂದು ಅವನ ಮನೆ ಬಾಗಿಲು ತಟ್ಟಿದ್ದರು. ವಂಶವೃಕ್ಷ ಕಟ್ಟಿದವರಲ್ಲಿ ಮುಖ್ಯರು ಬಾರ್ಬರಾ ರೇ-ವೆಂಟರ್. ನಾನೂ ಇದನ್ನೇ ಮಾಡಬೇಕು ಅಂತ ಅವತ್ತೇ ತೀರ್ಮಾನಿಸಿದೆ. ರಾತ್ರಿ ಕೂತು ಆನ್‌ಲೈನ್ ಪಾಠ ಓದಿದೆ, ಸರ್ಟಿಫಿಕೇಟೂ ಬಂತು. ನೀವು ಕೇಳುತ್ತಿರುವ ಆ ಸರ್ಟಿಫಿಕೇಟ್ ನನ್ನ ಹತ್ತಿರ ಇದೆ.

ಆಗ ಒಂದು ಕೇಸು ಬಂತು. 1970ರ ದಶಕದಲ್ಲಿ ಬಳ್ಳಾರಿ ಕಡೆಯ ಒಂದು ಅನಾಥಾಲಯದಿಂದ ಯುರೋಪಿಗೆ ದತ್ತು ಹೋದ ಹೆಣ್ಣುಮಗಳು ತನ್ನ ಹೆತ್ತ ತಾಯಿಯನ್ನು ಹುಡುಕುತ್ತಿದ್ದಳು. ಅವಳ ಡಿಎನ್‌ಎ ಆಗಲೇ ಜೆಡ್‌ಮ್ಯಾಚ್‌ನಲ್ಲಿತ್ತು. ಅಮೆರಿಕದಲ್ಲಿರುವ ಒಬ್ಬ ಸಾಫ್ಟ್‌ವೇರ್ ಹುಡುಗನಿಗೆ ಅದು ಹೊಂದಿತ್ತು. ಅವನ ಮನೆತನ ಗಂಗಾವತಿ ತಾಲ್ಲೂಕಿನದು. ಮಧ್ಯವರ್ತಿಯೊಬ್ಬರು ಈ ಕೆಲಸವನ್ನು ನಮ್ಮ ಲ್ಯಾಬ್‌ಗೆ ತಂದರು. ಆ ಭಾಗದ ಭಾಷೆ ಗೊತ್ತಿರುವವಳು ನಾನೊಬ್ಬಳೇ, ಹಾಗಾಗಿ ನನ್ನ ಕೈಗೆ ಬಂತು.

ಇಬ್ಬರ ನಡುವೆ ಹೊಂದಿದ ಡಿಎನ್‌ಎ ಒಟ್ಟು 430 ಸೆಂಟಿಮಾರ್ಗನ್ ಆಸುಪಾಸು. ಒಂದೇ ಹಿರಿಯರಿಂದ ಇಬ್ಬರಿಗೂ ಇಳಿದು ಬಂದ ತುಂಡುಗಳ ಉದ್ದವನ್ನು ಅಳೆಯುವ ಮಾನ ಅದು. ಬ್ಲೇನ್ ಬೆಟಿಂಜರ್ ಅವರು ಸಾವಿರಾರು ಜನರಿಂದ ಅಂಕಿ ಕೂಡಿಸಿ ಮಾಡಿದ ಪಟ್ಟಿಯೊಂದಿದೆ, ಈ ಕ್ಷೇತ್ರದವರೆಲ್ಲ ಅದನ್ನೇ ತೆರೆದು ನೋಡುವುದು. ಒಡಹುಟ್ಟಿದವರ ಮಕ್ಕಳ ನಡುವೆ ಸರಾಸರಿ 866. ಅವರಲ್ಲಿ ಒಬ್ಬರಿಗೂ ಇನ್ನೊಬ್ಬರ ಮಗುವಿಗೂ 433. ಅದಕ್ಕಿಂತ ಒಂದು ತಲೆ ಕೆಳಗಿಳಿದರೆ, ಅಂದರೆ ಒಡಹುಟ್ಟಿದವರ ಮೊಮ್ಮಕ್ಕಳ ನಡುವೆ 229. ಮರಿಮಕ್ಕಳ ನಡುವೆ 73. ನನ್ನ 430 ಎರಡನೆಯ ಸಾಲಿನ ಮೇಲೆ ನೆಟ್ಟಗೆ ಕೂತಿತು. ವಯಸ್ಸೂ ಹೊಂದಿತು. ಹಾಗಾದರೆ ಈ ಹೆಣ್ಣುಮಗಳು ಆ ಹುಡುಗನ ಅಪ್ಪನಿಗೋ ಅವ್ವನಿಗೋ ಚಿಕ್ಕಪ್ಪ-ದೊಡ್ಡಪ್ಪನ ಮಗಳೋ, ಸೋದರತ್ತೆ-ಸೋದರಮಾವನ ಮಗಳೋ ಆಗಬೇಕು. ಅವಳ ತಾಯಿ ಹುಡುಗನ ಅಜ್ಜನ ತಂಗಿಯಾಗಿರಬೇಕು ಅಂತ ಬರೆದೆ. ಅಜ್ಜನಿಗೆ ಒಬ್ಬ ತಂಗಿ ಇದ್ದರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವರು. ವರದಿಯಲ್ಲಿ ಅವರ ಹೆಸರು ಹೋಯಿತು.

ಈ ವರದಿಯಲ್ಲಿ ಏನೇನು ತಪ್ಪಿದೆ ಎಂಬುದನ್ನು ಬಿಡಿಸಿ ಹೇಳಲೇಬೇಕು, ಯಾವ ಕೋರ್ಸಿನಲ್ಲೂ ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ.

ಮೊದಲನೆಯದು, ಆ ಪಟ್ಟಿಗೆ ಅಂಕಿ ಕೊಟ್ಟವರಲ್ಲಿ ಬಹುಪಾಲು ಯುರೋಪ್ ಮೂಲದವರು. ಅವರಲ್ಲಿ ಗಂಡ-ಹೆಂಡತಿ ಹತ್ತಿರದ ರಕ್ತಸಂಬಂಧಿಗಳಾಗಿರುವುದು ಅಪರೂಪ. ನಮ್ಮಲ್ಲಿ? ಅಕ್ಕನ ಮಗಳನ್ನು ತಂದುಕೊಳ್ಳುತ್ತೇವೆ, ಸೋದರತ್ತೆಯ ಮಗನಿಗೆ ಕೊಡುತ್ತೇವೆ. ಕರ್ನಾಟಕದ ಮದುವೆಗಳಲ್ಲಿ ಸುಮಾರು ಕಾಲುಭಾಗ ಹೀಗೆ ಸಂಬಂಧದೊಳಗೇ ಆಗುತ್ತವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಹುಡುಗನ ಅಪ್ಪ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ಅಂದರೆ ಒಂದೇ ಮನೆಯ ಡಿಎನ್‌ಎ ಅವನಿಗೆ ಅಪ್ಪನ ಕಡೆಯಿಂದಲೂ ಬಂತು, ಅವ್ವನ ಕಡೆಯಿಂದಲೂ ಬಂತು. ಆ ಮನೆಗೆ ದೂರದ ನಂಟು ಇರುವವರು ಯಾರೇ ಬಂದರೂ ಅವನ ಜೊತೆ ಲೆಕ್ಕ ಹೆಚ್ಚಾಗಿಯೇ ಬರುತ್ತದೆ. ಅದರ ಹಿಂದಿನ ತಲೆಗಳಲ್ಲೂ ಇದೇ ನಡೆದಿದ್ದರೆ ಇನ್ನೂ ಹೆಚ್ಚು. ಇಂಥ ಕಡೆ ಆ ಪಟ್ಟಿ ದೂರದವರನ್ನು ಹತ್ತಿರದವರು ಎಂದು ತೋರಿಸುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡದು. ನಾನು ಒಟ್ಟು ಮೊತ್ತ ನೋಡಿದೆ, ತುಂಡುಗಳ ಉದ್ದ ನೋಡಲಿಲ್ಲ. ಕೌದಿ ನೋಡಿದ್ದೀರಲ್ಲ? ಹತ್ತು ಮನೆಯ ಹಳೇ ಸೀರೆಗಳ ಚೂರು ಸೇರಿಸಿ ಹೊಲಿದ ಕೌದಿಯ ಅಳತೆ ಒಂದಿಡೀ ಸೀರೆಯಷ್ಟೇ ಬರಬಹುದು, ಆದರೆ ಅದನ್ನು ಒಂದೇ ಸೀರೆ ಅನ್ನಲಾಗದು. ಹತ್ತಿರದ ಸಂಬಂಧದಲ್ಲಿ ತುಂಡುಗಳು ಉದ್ದುದ್ದ ಇರುತ್ತವೆ, ಯಾಕೆಂದರೆ ನಡುವೆ ಒಂದೆರಡು ತಲೆ ಮಾತ್ರ ದಾಟಿರುತ್ತವೆ. ಪ್ರತಿ ತಲೆಮಾರಿಗೂ ವರ್ಣತಂತು ಅಲ್ಲಲ್ಲಿ ಕತ್ತರಿಸಿ ಬೆರೆಯುವುದರಿಂದ ಹಳೆಯ ನಂಟಿನ ತುಂಡುಗಳು ಗಿಡ್ಡ ಆಗುತ್ತ ಹೋಗುತ್ತವೆ. ನನ್ನ ಕೇಸಿನಲ್ಲಿ 430 ಕೂಡಿದ್ದು ಗಿಡ್ಡ ತುಂಡುಗಳ ರಾಶಿಯಿಂದ. ದೊಡ್ಡ ತುಂಡು ಎಂದು ಹೇಳಿಕೊಳ್ಳುವಂಥದ್ದು ಒಂದೂ ಇರಲಿಲ್ಲ. ಅದು ಪರದೆಯ ಮೇಲೇ ಇತ್ತು, ಪಕ್ಕದ ಕಾಲಂನಲ್ಲಿ. ಅದೇ ತಾಣದಲ್ಲಿ ಒಬ್ಬ ವ್ಯಕ್ತಿಯ ಅಪ್ಪ-ಅವ್ವ ಪರಸ್ಪರ ಸಂಬಂಧಿಕರೇ ಎಂದು ತೋರಿಸುವ ಉಪಕರಣವೂ ಇದೆ. ಅದನ್ನು ಒತ್ತಿದ್ದರೆ ಆ ಹುಡುಗನ ಫಲಿತಾಂಶ ನೋಡಿದ ಕ್ಷಣವೇ ನಾನು ಪೆನ್ನು ಕೆಳಗಿಡಬೇಕಿತ್ತು. ಒತ್ತಲಿಲ್ಲ. ಉತ್ತರ ಸಿಕ್ಕಿದೆ ಎಂದುಕೊಂಡವಳಿಗೆ ಇನ್ನೊಂದು ಪರೀಕ್ಷೆ ಬೇಡವಾಗಿತ್ತು.

ಮೂರನೆಯದನ್ನು ಬರೆಯುವುದು ಕಷ್ಟ. ಪಟ್ಟಿಯನ್ನೇ ನಂಬಿದರೂ ಆ ಸಾಲು ಹೇಳುವುದು ಅಜ್ಜ-ಅಜ್ಜಿಯ ಒಡಹುಟ್ಟಿದವರಲ್ಲಿ ಯಾರೋ ಒಬ್ಬರು ಎಂದಷ್ಟೇ. ಅಜ್ಜನಿಗೆ ತಮ್ಮಂದಿರೂ ಇದ್ದರು. ಅವರಲ್ಲೊಬ್ಬರು ಆ ಮಗುವಿನ ತಂದೆಯಾಗಿರುವ ಸಾಧ್ಯತೆಯೂ ಅಷ್ಟೇ ಇತ್ತು. ಗಂಡಸರ ಹೆಸರು ನನ್ನ ವರದಿಯಲ್ಲಿ ಬರಲೇ ಇಲ್ಲ. ನನ್ನ ಕಣ್ಣು ನೇರವಾಗಿ ಹೋಗಿ ನಿಂತದ್ದು ಗಂಡ ಸತ್ತು ತವರಲ್ಲಿದ್ದ ಹೆಂಗಸಿನ ಮೇಲೆ. ಊರು ಯಾವ ಕಣ್ಣಿನಿಂದ ನೋಡುತ್ತದೋ ಅದೇ ಕಣ್ಣಿನಿಂದ ನಾನೂ ನೋಡಿದೆ, ಅದಕ್ಕೆ ವಿಜ್ಞಾನದ ಮೊಹರು ಬೇರೆ ಹಾಕಿಕೊಟ್ಟೆ.

ಮಧ್ಯವರ್ತಿ ಆ ಮನೆಗೆ ಕಾಗದ ಬರೆದರು. ಎಪ್ಪತ್ತು ದಾಟಿದ ಆ ಹಿರಿಯ ಹೆಂಗಸನ್ನು ಅಣ್ಣನ ಮಕ್ಕಳು ಪಡಸಾಲೆಯಲ್ಲಿ ಕೂರಿಸಿ ಕೇಳಿದರಂತೆ. ಅವರು ಒಂದು ಮಾತೂ ಆಡದೆ ಎದ್ದು ಅಕ್ಕನ ಮಗಳ ಊರಿಗೆ ಹೋಗಿಬಿಟ್ಟರು. ಆ ಅಕ್ಕನ ಮಗಳೇ ನನ್ನನ್ನು ಹುಡುಕಿಕೊಂಡು ಹೈದರಾಬಾದಿಗೆ ಬಂದಳು. "ನಮ್ಮ ಚಿಗವ್ವನ ಮ್ಯಾಲೆ ಬರೆದಿರಲ್ಲ ಮೇಡಂ, ನನ್ನ ಉಗುಳು ತಗೊಂಡು ನೋಡ್ರಿ" ಅಂದಳು. ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯಾ ಡಿಎನ್‌ಎ ಅಕ್ಕ-ತಂಗಿಯರಲ್ಲಿ ಒಂದೇ, ಅಕ್ಕನ ಮಗಳಲ್ಲೂ ಅದೇ. ದತ್ತು ಹೋದ ಹೆಣ್ಣುಮಗಳದ್ದು ಸಂಪೂರ್ಣ ಬೇರೆ ಗುಂಪಿನದು. ಆ ಚಿಗವ್ವ ಅವಳ ತಾಯಿಯಾಗಿರಲು ಸಾಧ್ಯವೇ ಇಲ್ಲ. ವರದಿ ಹೊರಹೋಗುವ ಮುಂಚೆ ಮಾಡಬಹುದಾಗಿದ್ದ, ಮಾಡಲೇಬೇಕಾಗಿದ್ದ ಪರೀಕ್ಷೆ ಅದು. ತಿದ್ದುಪಡಿ ಪತ್ರ ಕಳಿಸಿದೆವು, ನಾನೇ ಹೋಗಿ ಕಾಲು ಮುಟ್ಟಿ ಕ್ಷಮೆಯೂ ಕೇಳಿದೆ. ಅವರು ತವರಿಗೆ ಮರಳಲಿಲ್ಲ. ನಾನು ಆ ಕೆಲಸ ಬಿಟ್ಟೆ. ಹೆತ್ತ ತಾಯಿ ಸಿಗಲಿಲ್ಲ. ಹುಡುಕಾಟ ನಿಲ್ಲಿಸಿ ಎಂದು ಆ ಹೆಣ್ಣುಮಗಳೇ ಬರೆದಳು.

ಅವತ್ತು ಆ ಊರಿನಲ್ಲಿ ಪಕ್ಕದ ಮನೆಯ ಅಜ್ಜಿಯೊಬ್ಬರು ಹೇಳಿದ ಮಾತು: "ಯವ್ವಾ, ಈ ಮನಿಗೂ ಸಿರುಗುಪ್ಪಿ ಕಡೀ ಮೂರು ಮನಿಗೂ ನಾಕು ತಲಿಯಿಂದ ಕೊಡೋದು ತರೋದು ಐತಿ. ಎಲ್ಲರೂ ಎಲ್ಲರಿಗೂ ಎರಡೆರಡು ಕಡಿಯಿಂದ ಸಂಬಂಧ ಆಗಬೇಕು. ಮದ್ಲ ಬಂದು ನನ್ನ ಕೇಳಿದ್ರ ಹೇಳ್ತಿದ್ದೆ." ಕೂತು ಬರೆದುಕೊಂಡೆ. ಯಾವ ಹೆಣ್ಣು ಯಾವ ಮನೆಯಿಂದ ಬಂದಳು, ಅವಳ ಮಗಳನ್ನು ಯಾವ ಮನೆಗೆ ತಿರುಗಿ ಕೊಟ್ಟರು, ಎಲ್ಲ ಅವರ ಬಾಯಲ್ಲಿತ್ತು. ಆ ಸಂಬಂಧಗಳನ್ನೆಲ್ಲ ಕಾಗದದ ಮೇಲೆ ಹಾಕಿ ಲೆಕ್ಕ ಮಾಡಿದಾಗ ಸಿರುಗುಪ್ಪ ಕಡೆಯ ಆ ಮನೆಗಳ ಯಾರೇ ಆದರೂ ಆ ಹುಡುಗನ ಜೊತೆ ನಾನು ಕಂಡಂಥ ಗಿಡ್ಡ ತುಂಡುಗಳ ರಾಶಿ ಹಂಚಿಕೊಳ್ಳಬಹುದು ಎಂದು ಗೊತ್ತಾಯಿತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಫಿಟ್ಜ್‌ಪ್ಯಾಟ್ರಿಕ್ ಅವರನ್ನು ಮಾದರಿ ಮಾಡಿಕೊಂಡಿದ್ದೀರಿ, ಒಳ್ಳೆಯದೇ. ಆದರೆ ಅವರ ಪಿಎಚ್‌ಡಿ ಜೀವವಿಜ್ಞಾನದ್ದಲ್ಲ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ, ಲೇಸರ್ ಮತ್ತು ಆಪ್ಟಿಕ್ಸ್ ಕೆಲಸ ಮಾಡಿ, ಆಮೇಲೆ ಈ ಕಡೆ ಬಂದವರು. 1948ರಲ್ಲಿ ಅಲಾಸ್ಕಾದ ಮೌಂಟ್ ಸ್ಯಾನ್‌ಫೋರ್ಡ್‌ಗೆ ಬಡಿದ ವಿಮಾನದ ಒಬ್ಬರ ಕೈ 1999ರಲ್ಲಿ ಹಿಮದಲ್ಲಿ ಸಿಕ್ಕಿತು. ಅದು ಯಾರದು ಎಂದು ಗೊತ್ತಾಗಲು ಐರ್ಲೆಂಡಿನ ಲಿಮರಿಕ್‌ನಲ್ಲಿ ಸತ್ತವರ ತಾಯಿಯ ಕಡೆಯ ಬಳ್ಳಿಯ ಒಬ್ಬರನ್ನು ಕಾಗದಪತ್ರ ಹಿಡಿದು ಹುಡುಕಿದ್ದು ಅವರೇ. ಲ್ಯಾಬ್‌ನ ಯಂತ್ರಕ್ಕೆ ಹೋಲಿಸಲು ಒಬ್ಬ ಮನುಷ್ಯ ಬೇಕು, ಅವರು ಆ ಮನುಷ್ಯನನ್ನು ತಂದುಕೊಟ್ಟರು. ಟೈಟಾನಿಕ್‌ನಲ್ಲಿ ಸತ್ತ ಗುರುತಿಲ್ಲದ ಮಗುವಿನ ಕಥೆಯನ್ನೂ ಓದಿ. 2002ರಲ್ಲಿ ಮೈಟೊಕಾಂಡ್ರಿಯಾ ಡಿಎನ್‌ಎಯ ಒಂದು ಭಾಗ ನೋಡಿ ಫಿನ್‌ಲೆಂಡಿನ 13 ತಿಂಗಳ ಐನೊ ಪಾನುಲಾ ಎಂದು ಸಾರಿದರು. ಹ್ಯಾಲಿಫ್ಯಾಕ್ಸ್ ಮ್ಯೂಸಿಯಮ್ಮಿನಲ್ಲಿದ್ದ ಆ ಮಗುವಿನ ಶೂ 13 ತಿಂಗಳ ಕಾಲಿಗೆ ದೊಡ್ಡದಾಗಿತ್ತು. ಮತ್ತೆ ಪರೀಕ್ಷಿಸಿ 2007ರಲ್ಲಿ ಇಂಗ್ಲೆಂಡಿನ 19 ತಿಂಗಳ ಸಿಡ್ನಿ ಗುಡ್‌ವಿನ್ ಎಂದು ತಿದ್ದಿದರು. ಅಷ್ಟು ದೊಡ್ಡ ವಿಜ್ಞಾನಿಗಳೂ ಮೊದಲು ಎಡವಿದ್ದರು.

ಫಿಟ್ಜ್‌ಪ್ಯಾಟ್ರಿಕ್ ಅವರ ಇನ್ನೊಂದು ಹೆಸರಾದ ಕೆಲಸ ಅಮೆರಿಕದ ಫೀನಿಕ್ಸ್ ನಗರದ ಕಾಲುವೆ ಕೊಲೆಗಳದು. ಅಪ್ಪನಿಂದ ಗಂಡುಮಕ್ಕಳಿಗೆ ಮಾತ್ರ ಇಳಿಯುವುದು ವೈ ಡಿಎನ್‌ಎ, ಅಲ್ಲಿ ಕುಟುಂಬನಾಮವೂ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಇಳಿಯುತ್ತದೆ. ಅದರಿಂದ ಮಿಲ್ಲರ್ ಎಂಬ ಕುಟುಂಬನಾಮ ಹೇಳಿದರು, 2015ರಲ್ಲಿ ಆ ಹೆಸರಿನವನೇ ಬಂಧನಕ್ಕೊಳಗಾದ. ನಮ್ಮಲ್ಲಿ ಅದು ನಡೆಯುವುದೇ? ಒಂದೇ ಅಪ್ಪನ ಮಕ್ಕಳಲ್ಲಿ ಒಬ್ಬನಿಗೆ ಊರ ಹೆಸರು, ಇನ್ನೊಬ್ಬನಿಗೆ ಮನೆಯ ಅಡ್ಡಹೆಸರು, ಬಳ್ಳಾರಿ ಕಡೆಯವನಿಗೆ ಬರೀ ಇನಿಷಿಯಲ್. ನಮ್ಮಲ್ಲಿ ಗಂಡುಬಳ್ಳಿಯ ಜೊತೆ ಇಳಿಯುವುದು ಬೆಡಗು, ಅಂದರೆ ಒಂದೇ ಮೂಲದವರೆಂದು ಎಣಿಸುವ ಮನೆತನಗಳ ಗುಂಪಿನ ಹೆಸರು. ಅದನ್ನು ಕೇಳಬೇಕೆಂದು ಅಮೆರಿಕದ ಯಾವ ಕೋರ್ಸೂ ಹೇಳುವುದಿಲ್ಲ.

ಆದ್ದರಿಂದ ನನ್ನ ಖಡಾಖಂಡಿತ ಅಭಿಪ್ರಾಯ: ಆ ಸರ್ಟಿಫಿಕೇಟ್‌ಗೆ ದುಡ್ಡು ಹಾಕಬೇಡಿ. ಅದು ಅಲ್ಲಿನ ಜನಗಣತಿ, ಚರ್ಚ್ ದಾಖಲೆ, ಪತ್ರಿಕೆಯ ಮರಣವಾರ್ತೆಗಳನ್ನು ಓದಲು ಕಲಿಸುತ್ತದೆ. ನಿಮಗೆ ಬೇಕಾದದ್ದು ಪಹಣಿ, ಮ್ಯುಟೇಶನ್, ನಾಡಕಚೇರಿಯ ವಂಶವೃಕ್ಷ. 1953ರ ತನಕ ಬಳ್ಳಾರಿ ಮದ್ರಾಸಿನಲ್ಲಿತ್ತು, ರಾಯಚೂರು-ಕೊಪ್ಪಳ ಮೊದಲು ನಿಜಾಮನ ಕೈಯಲ್ಲಿ, ಆಮೇಲೆ 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ತುಂಗಭದ್ರೆಯ ಆಚೆ ಒಂದು ಬಗೆಯ ಕಡತ, ಈಚೆ ಇನ್ನೊಂದು, ಈಚೆಯವು ಎಷ್ಟೋ ಉರ್ದುವಿನಲ್ಲಿ. ಉರ್ದು ಓದಲು ಕಲಿಯಿರಿ, ಸರ್ಟಿಫಿಕೇಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸುಗ್ಗಿ ಮುಗಿದ ಮೇಲೆ ಹೆಳವರು ನಿಮ್ಮ ಊರಿಗೂ ಬರಬಹುದು. ತಲೆತಲಾಂತರದಿಂದ ಮನೆತನಗಳ ಹೆಸರು ಬರೆದಿಟ್ಟು ಓದಿ ಹೇಳುವವರು. ಅವರ ಪುಸ್ತಕ ಯಾವ ಊರಿಂದ ಯಾವ ಊರಿಗೆ ಮನೆತನ ಬಂತು ಎನ್ನುವುದಕ್ಕೆ ಒಳ್ಳೇ ಆಧಾರ. ಆದರೆ ನಾನು ಕೂತು ಕೇಳಿದ ಪುಸ್ತಕಗಳಲ್ಲಿ ಗಂಡುಬಳ್ಳಿಯದೇ ಭರಾಟೆ. ಕಂದಾಯದ ವಂಶವೃಕ್ಷದಲ್ಲಿ ಆಸ್ತಿ ಪಾಲು ತಪ್ಪಿಸಲು ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟಿರುತ್ತಾರೆ. ಡಿಎನ್‌ಎ ಹೆಣ್ಣುಮಕ್ಕಳನ್ನು ಬಿಡುವುದಿಲ್ಲ. ಬಿಟ್ಟುಹೋದ ಆ ಅರ್ಧ ಇರುವುದು ಅಜ್ಜಿಯಂದಿರ ನೆನಪಿನಲ್ಲಿ ಮಾತ್ರ, ಅದೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ.

ಪಿಎಚ್‌ಡಿ ಮಾಡುವುದಾದರೆ ಪಾಪ್ಯುಲೇಷನ್ ಜೆನೆಟಿಕ್ಸ್‌ನಲ್ಲಿ, ಅಂದರೆ ಇಡೀ ಸಮುದಾಯಗಳ ಡಿಎನ್‌ಎ ಓದುವ ವಿಷಯದಲ್ಲಿ ಮಾಡಿ. ರಾಯಚೂರಿನಿಂದ ರೈಲು ಹತ್ತಿದರೆ ಸಿಸಿಎಂಬಿ ಎಂಬ ಜೀವಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ ಇರುವುದು ಹೈದರಾಬಾದಿನಲ್ಲೇ. ಲಾಲ್‌ಜಿ ಸಿಂಗ್ ಕಟ್ಟುಹಾವಿನ ಡಿಎನ್‌ಎಯಿಂದ ಬಂದ ಪ್ರೋಬ್ (ಹೊಂದುವ ಜಾಗ ಹುಡುಕಿ ಅಂಟಿಕೊಳ್ಳುವ ಡಿಎನ್‌ಎ ತುಂಡು) ಬಳಸಿ ಭಾರತದ ಡಿಎನ್‌ಎ ಬೆರಳಚ್ಚು ಶುರು ಮಾಡಿದ್ದು ಅಲ್ಲೇ. ಅಲ್ಲಿನ ಕೆ. ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ. ದಕ್ಷಿಣ ಏಷ್ಯಾದ 81 ಸಮುದಾಯಗಳು ಫಿನ್ನರು ಮತ್ತು ಅಶ್ಕೆನಾಜಿ ಯಹೂದಿಗಳಿಗಿಂತಲೂ ಕಡಿಮೆ ಹಿರಿಯರಿಂದ ಬೆಳೆದು, ಒಳಗೊಳಗೇ ಮದುವೆಯಾಗುತ್ತ ಬಂದಿವೆ ಎಂದು ಅದರಲ್ಲಿದೆ. ನನ್ನ 430ರ ಒಗಟಿಗೆ ಉತ್ತರ ಆ ಪ್ರಬಂಧದಲ್ಲೇ ಇತ್ತು, ವರದಿ ಬರೆಯುವಾಗ ನಾನು ಅದನ್ನು ಓದಿರಲಿಲ್ಲ. ಅಕ್ಕನ ಮಗಳ ಮದುವೆ, ಸೋದರತ್ತೆ ಮಗನ ಮದುವೆ ಎರಡು-ಮೂರು ತಲೆ ಸತತವಾಗಿ ನಡೆದ ಕುಟುಂಬಗಳಿಗೆ ಹೊಂದುವ ಸೆಂಟಿಮಾರ್ಗನ್ ಪಟ್ಟಿಯನ್ನು ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ನಮ್ಮ ಮೂರು ಜಿಲ್ಲೆಗಳಿಂದ ಯಾರಾದರೂ ಕಟ್ಟಿದರೆ ಅದೇ ಒಂದು ಒಳ್ಳೇ ಪ್ರಬಂಧ. ನೀವು ಕಟ್ಟಿ.

ನೌಕರಿ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ನಮ್ಮಲ್ಲಿ ಲಕ್ಷಾಂತರ ಜನರ ವಂಶಾವಳಿ ಡಿಎನ್‌ಎ ಇರುವ ತಾಣ ಇಲ್ಲ. ತನಿಖೆಗೆ ಡಿಎನ್‌ಎ ಬ್ಯಾಂಕ್ ಕಟ್ಟಬೇಕೆಂದಿದ್ದ ಡಿಎನ್‌ಎ ಮಸೂದೆ 2019ರಲ್ಲಿ ಮಂಡನೆಯಾಗಿ 2023ರಲ್ಲಿ ವಾಪಸ್ ಹೋಯಿತು. ನೀವು ಸೇರಬಹುದಾದದ್ದು ವಿಧಿವಿಜ್ಞಾನ ಪ್ರಯೋಗಾಲಯದ ಡಿಎನ್‌ಎ ವಿಭಾಗಕ್ಕೆ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುವುದರಿಂದ ಅಲ್ಲಿ ಜನ ಬೇಕಾಗುತ್ತಲೇ ಇರುತ್ತಾರೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೇ ಇದೆ, ದೂರ ಹೋಗಬೇಕಿಲ್ಲ.

ಕೆಲಸಕ್ಕಂತೂ ಬರ ಇಲ್ಲ. ತುಂಗಭದ್ರಾ ಕಾಲುವೆಯಲ್ಲಿ ತೇಲಿ ಬರುವ, ಗುಂತಕಲ್ ಲೈನಿನ ಹಳಿ ಮೇಲೆ ಸಿಗುವ ಗುರುತಿಲ್ಲದ ಶವಗಳ ಯುಡಿಆರ್ (ಪೊಲೀಸರ ಅಸಹಜ ಸಾವಿನ ವರದಿ) ಫೈಲುಗಳಲ್ಲಿ ಎಷ್ಟು ಜನ ಗುಳೆ ಹೋದ ಕೂಲಿಗಳಿರಬಹುದು. ಅವರ ಮನೆಯವರು ಇವತ್ತಿಗೂ ದಾರಿ ಕಾಯುತ್ತಿದ್ದಾರೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ದೇವದಾಸಿ ಮಸೂದೆಯಲ್ಲಿ ಆ ತಾಯಂದಿರ ಮಕ್ಕಳು ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕಿನ ಮಾತಿದೆ. ನಮ್ಮ ಮೂರು ಜಿಲ್ಲೆಗಳಿಂದ ಅಂಥ ಅರ್ಜಿಗಳು ಬಂದರೆ ಎರಡು ಕಡೆಯಿಂದಲೂ ನಂಟಿರುವ ಅಣ್ಣ-ತಮ್ಮಂದಿರಲ್ಲಿ ಯಾರು ತಂದೆ ಎಂದು ಎಚ್ಚರದಿಂದ ಹೇಳುವವರು ಬೇಕು. ದತ್ತು ಹೋದವರ ಹುಡುಕಾಟ ಕೈಗೆತ್ತಿಕೊಂಡರೆ ಕೇಂದ್ರದ ದತ್ತು ಪ್ರಾಧಿಕಾರವಾದ ಕಾರಾದ ನಿಯಮಾವಳಿಯ ದಾರಿಯಲ್ಲೇ ಹೋಗಿ. ಹೆತ್ತವರ ಗೋಪ್ಯತೆ ಕಾಯಬೇಕೆಂದು ಅದರಲ್ಲಿ ಬರೆದಿದೆ. ಮೈಟೊಕಾಂಡ್ರಿಯಾ ಪರೀಕ್ಷೆ ಆಗದೆ, ತುಂಡುಗಳ ಉದ್ದ ನೋಡದೆ, ಆ ಮನೆಯ ಕೊಡುಕೊಳ್ಳುವಿಕೆ ಬರೆದುಕೊಳ್ಳದೆ, ಜೀವಂತ ಇರುವ ಹೆಂಗಸಿನ ಹೆಸರನ್ನು ಯಾವ ಕಾಗದದ ಮೇಲೂ ಬರೆಯಬೇಡಿ. ಮೇಲಿನವರು ಅವಸರ ಮಾಡಿದರೂ ಬರೆಯಬೇಡಿ.

ಅರ್ಜಿ ತುಂಬುವ ಮುಂಚೆ ನಿಮ್ಮ ಮನೆಯದೇ ಒಂದು ಹಾಳೆ ಮಾಡಿ. ನಾಲ್ಕು ತಲೆ, ಪ್ರತಿ ಹೆಣ್ಣಿನ ತವರಿನ ಸಮೇತ, ಸಂಬಂಧದೊಳಗಿನ ಮದುವೆಗಳಿಗೆ ಬೇರೆ ಬಣ್ಣದ ಗೆರೆ. ಹೆಸರುಗಳ ಬದಲು ಅಂಕಿ ಹಾಕಿ ನನಗೆ ಕಳಿಸಿದರೆ ಎಲ್ಲೆಲ್ಲಿ ಲೆಕ್ಕ ಎರಡು ಪಟ್ಟು ಬೀಳುತ್ತದೆ ಎಂದು ಗುರುತು ಮಾಡಿ ಕೊಡುತ್ತೇನೆ.